ಕಸ್ಟಮ್ಸ್ ಕಾಕಾ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಯಾವ ಊರಿಗೆ ಹೋದರೂ ಒಬ್ಬ ಕಸ್ಟಮ್ಸ್ ಕಾಕಾ ಸಿಗುತ್ತಾರೆ. ನಿವೃತ್ತ ಮಾಸ್ತರರೋ, ಸೊಸೈಟಿಯ ಹಳೇ ಸೆಕ್ರೆಟರಿಯೋ ಆಗಿರುತ್ತಾರೆ. ಮಗಳ ಬಾಣಂತನಕ್ಕೆಂದು ಒಮ್ಮೆ, ಒಮ್ಮೆ ಮಾತ್ರ, ಅಮೆರಿಕಕ್ಕೆ ಹೋಗಿ ಬಂದವರು. ಅಲ್ಲಿ ಬಾಣಂತನ ಮಾಡಿದ್ದು ಕಾಕು. ಕಾಕಾ ಫೈಲು ಹಿಡಿದು ನಿಂತಿದ್ದರು.

ಓಣಿಯಲ್ಲಿ ಯಾರೋ ವಿದೇಶಕ್ಕೆ ಹೊರಟರೆಂದು ಸುದ್ದಿಯಾದರೆ ಸಾಕು, ಕರೆಯದಿದ್ದರೂ ಕಾಕಾ ಹಾಜರ್.

‘ಪಾಸ್‌ಪೋರ್ಟ್ ಇನ್ನಾ ಆರು ತಿಂಗಳ ನಡೀತೈತೇನ್ರಿ?’ ಎಂಬುದು ಅವರ ನಮಸ್ಕಾರ. ಪಾಸ್‌ಪೋರ್ಟ್ ಮಾಡಿಸಲು ಬೆಳಗಾವಿಯ ಅಂಚೆ ಕಚೇರಿ ಸಾಕು, ಅಮೆರಿಕದ ವೀಸಾ ಸಂದರ್ಶನಕ್ಕೆ ಮಾತ್ರ ಮುಂಬೈಯೋ ಹೈದರಾಬಾದೋ ಎಂದು ದಾರಿ ಹಾಕಿಕೊಡುತ್ತಾರೆ. 2025ರ ಜನವರಿಯಲ್ಲಿ ಬೆಂಗಳೂರಿನ ಅಮೆರಿಕನ್ ಕಾನ್ಸುಲೇಟ್ ಉದ್ಘಾಟನೆಯಾದಾಗ ವೀಸಾ ಸೇವೆ ಶುರುವಾಗಿರಲಿಲ್ಲ. ಕಾಕಾ ಅದನ್ನು ಸ್ವಂತ ಅವಮಾನವೆಂದೇ ತಿಳಿದಿದ್ದಾರೆ.

ಆದರೆ ಅವರ ನಿಜವಾದ ಪ್ರತಾಪ ಕಾಣುವುದು ಬ್ಯಾಗಿನ ಮುಂದೆ. ಮೊದಲು ಹೊರಬೀಳುವುದು ಉಡಿ ತುಂಬಿದ ಕೊಬ್ಬರಿ ಬಟ್ಟಲು. ಎಣ್ಣೆಯಂಶ ಹೆಚ್ಚಿರುವ ಒಣಕೊಬ್ಬರಿ ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದೆಂದು ನಮ್ಮ ವಿಮಾನ ನಿಲ್ದಾಣಗಳಲ್ಲೇ ತೆಗೆದಿಡುತ್ತಾರೆ. ‘ಉಡಿ ತುಂಬಿದ್ದು, ತಗೀಬಾರದರಿ’ ಎಂದು ಮುತ್ತೈದೆಯರು ಗದ್ದಲ ಹಾಕಿದರೂ ಕಾಕಾ ಕರಗುವುದಿಲ್ಲ. ಆಮೇಲೆ ಹಸಿ ಕರಿಬೇವು: ನಿಂಬೆ-ಕಿತ್ತಳೆ ಗಿಡಗಳಿಗೆ ರೋಗ ಹರಡುವ ಕೀಟ ಅದರ ಎಲೆಯಲ್ಲಿ ಬರುತ್ತದೆಂದು ಅಮೆರಿಕ ಒಳಗೆ ಬಿಡುವುದಿಲ್ಲ. ಕೈಚೀಲದಲ್ಲಿದ್ದ ಉಪ್ಪಿನಕಾಯಿ ಬಾಟಲಿ ದೊಡ್ಡ ಬ್ಯಾಗಿಗೆ ಇಳಿಯುತ್ತದೆ. ದೊಡ್ಡ ಬ್ಯಾಗು 23 ಕಿಲೋ ದಾಟಿತೆಂದು ಮಗಳಿಗೆ ಕಟ್ಟಿದ ಸೀರೆಯೂ ಇಳಿಯುತ್ತದೆ.

ಗೋಕಾಕದ ಕರದಂಟಿನ ವಿಷಯ ಬಂದಾಗ ಮಾತ್ರ ಅವರ ದನಿ ಮೆತ್ತಗಾಗುತ್ತದೆ. ಒಣಹಣ್ಣು, ಅಂಟು, ಬೆಲ್ಲ. ಮುಚ್ಚಿಡದೆ ಹೇಳಿದರೆ ಅಮೆರಿಕದಲ್ಲಿ ತೊಂದರೆಯಿಲ್ಲ. ದುಬೈಗೆ ಹೊರಟ ಹುಕ್ಕೇರಿಯ ಹುಡುಗನಿಗೆ ಮಾತ್ರ, ಗಸಗಸೆ ಉದುರಿಸಿದ್ದು ಬೇಡವೆಂದು ಕಟ್ಟಪ್ಪಣೆ. ಅಲ್ಲಿ ಗಸಗಸೆಯೂ ಮಾದಕ ವಸ್ತುವಿನ ಲೆಕ್ಕ. ಸಿಡ್ನಿಗೆ ಹೊರಟ ಮೂಡಲಗಿಯವರ ಬ್ಯಾಗಿನಲ್ಲಿ ಬೆಳಗಾವಿ ಕುಂದಾ ಕಂಡರಂತೂ ಕಾಕಾಗೆ ಒಳಗೊಳಗೇ ಖುಷಿ. ಹಾಲಿನ ಸಿಹಿಯನ್ನು ಆಸ್ಟ್ರೇಲಿಯಾದವರು ಒಳಗೆ ಬಿಡುವುದಿಲ್ಲವಲ್ಲ! ಗೋಕಾಕದವರಿಗೆ ಇಷ್ಟಾದರೂ ಸಮಾಧಾನ ಬೇಡವೇ?

‘ಏನಿದ್ದರೂ ಹೇಳಿಬಿಡ್ರಿ. ಮುಚ್ಚಿಟ್ಟು ಸಿಕ್ಕಿಬಿದ್ದರ ಹತ್ತು ಸಾವಿರ ಡಾಲರತನಾ ದಂಡ’ ಎಂಬುದು ಅವರ ಕೊನೆಯ ಪಾಠ. ಈ ಮಾತು ಸುಳ್ಳಲ್ಲ. ಸುಳ್ಳು ಸೇರುವುದು ಅದರ ಮುಂದಿನ ಕಥೆಯಲ್ಲಿ. ತಾವು ಬರೆದೊಯ್ದ ತಿಂಡಿಯ ಯಾದಿಯನ್ನು ಅಮೆರಿಕದ ಅಧಿಕಾರಿ ಪೂರ್ತಿ ಕೇಳಿ, ಎದ್ದು ಕೈಕುಲುಕಿದರಂತೆ.

‘ಎಲ್ಲೀದರಿ?’ ಎಂದರು ಚಹಾ ತಂದ ಕಾಕು. ‘ಇವರು ಮೂರನೇ ಸಾಲಿಗೆ ಬರೂದ್ರಾಗ ಆಕಿ ನಡೀರಿ ಅಂದಳು. ಇವರು ಅಲ್ಲೇ ನಿಂತು ನಾಕನೇದ್ದು ಓದಾಕ ಹತ್ತಿದ್ರು. ತೋಳ ಹಿಡದು ನಾನ ಎಳಕೊಂಡ ಬಂದೇನಿ.’