ಇಪ್ಪತ್ತು ಗುಂಟೆ ಮೆಂಬರಣ್ಣ

ಯಲಹಂಕ ಬಿಟ್ಟು ದೊಡ್ಡಬಳ್ಳಾಪುರದ ರಸ್ತೆ ಹಿಡಿದರೆ ರಾಜಾನುಕುಂಟೆ ಬರುವುದರೊಳಗೆ ಇಂಥವರು ನಾಲ್ಕು ಜನವಾದರೂ ಸಿಗುತ್ತಾರೆ. ಇಸ್ತ್ರಿ ಮುರಿಯದ ಬಿಳಿ ಷರಟು, ಬಿಳಿ ಪ್ಯಾಂಟು, ಒಂದು ಕೈಗೆ ಬೆಳ್ಳಿ ಕಡಗ, ಇನ್ನೊಂದು ಕೈಯಲ್ಲಿ ಎರಡು ಫೋನು. ತೆಳು ಬಟ್ಟೆಯ ಜೇಬಿನೊಳಗೆ ಮಡಚಿಟ್ಟ ಪಹಣಿ ಜೆರಾಕ್ಸು ಹೊರಗೇ ಕಾಣುತ್ತದೆ. ಊರಿನವರು ಇವರನ್ನು ಹೆಸರು ಹಿಡಿದು ಕರೆಯುವುದನ್ನು ಎಂದೋ ಬಿಟ್ಟಿದ್ದಾರೆ. ಮೆಂಬರಣ್ಣ ಅಂದರೆ ಆಯಿತು.

ಹಾಗೆ ನೋಡಿದರೆ ಮೆಂಬರಣ್ಣ ಮೆಂಬರಾಗಿದ್ದು ಒಂದೇ ಸಲ, 2010ರ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ. 2015ಕ್ಕೆ ಸೀಟು ಮಹಿಳಾ ಮೀಸಲಾಯಿತು. ಹೆಂಡತಿ ಗೆದ್ದರು, ಇವರು ಆಳಿದರು. ಆಯಮ್ಮ ಸಭೆಗೆ ಹೋಗಿ ಸಹಿ ಹಾಕಿ ಬರುವುದು, ಇವರು ಪಿಡಿಒ ಎದುರು ಕುರ್ಚಿ ಎಳೆದುಕೊಂಡು ಕೂತು ಚರಂಡಿ ವಿಷಯಕ್ಕೆ ಮೇಜು ಗುದ್ದುವುದು. 2020ಕ್ಕೆ ಮೀಸಲಾತಿ ಮತ್ತೆ ಬದಲಾಗಿ ಸೀಟು ಮನೆಯಿಂದಲೇ ಹೊರಗೆ ಹೋಯಿತು. ಒಳ್ಳೆಯದೇ ಆಯಿತು, ತಾಲ್ಲೂಕು ಪಂಚಾಯಿತಿಗೆ ನಿಲ್ಲುತ್ತೇನೆ ಎಂದು ಫ್ಲೆಕ್ಸ್ ಹಾಕಿಸಿದರು. ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳಿಗೆ ಹಿಂದೆ ಚುನಾವಣೆ ನಡೆದದ್ದು 2016ರಲ್ಲಿ. 2021ರಲ್ಲಿ ಅವಧಿ ಮುಗಿದ ಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಎಂದು ವರ್ಷದ ಮೇಲೆ ವರ್ಷ ಹೋಯಿತು. ಫ್ಲೆಕ್ಸಿನ ಬಣ್ಣ ಮಾಸಿತು, ಅದರ ಮೇಲಿನ 'ಪ್ರಬಲ ಆಕಾಂಕ್ಷಿ' ಮಾಸಲಿಲ್ಲ.

2025ರಲ್ಲಿ ಅವರ ಆಸೆಗೆ ಮತ್ತೆ ಚಿಗುರು ಬಂತು. ಸೆಪ್ಟೆಂಬರಿನಲ್ಲಿ ಬೆಂಗಳೂರು ಐದು ಪಾಲಿಕೆಗಳಾಯಿತಲ್ಲ, ಅದರಲ್ಲಿ ಉತ್ತರ ಪಾಲಿಕೆ ಇವತ್ತಲ್ಲ ನಾಳೆ ನಮ್ಮೂರನ್ನೂ ಎಳೆದುಕೊಳ್ಳುತ್ತದೆ, ಕಾರ್ಪೊರೇಟರೇ ಆಗಿಬಿಡಬಹುದು ಎಂಬ ಲೆಕ್ಕ. ಅದಕ್ಕೆ ಎರಡು ತಿಂಗಳು ಮುಂಚೆ ನಂದಿಬೆಟ್ಟದ ಸಂಪುಟ ಸಭೆ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ 'ಬೆಂಗಳೂರು ಉತ್ತರ' ಎಂದು ಹೆಸರು ಕೊಡಲು ಒಪ್ಪಿತ್ತು. ಯಲಹಂಕ ಇರುವುದು ನಗರ ಜಿಲ್ಲೆಯಲ್ಲಿ. ಊರಿನಿಂದ ಆಚೆಗೆ ಉತ್ತರ ಜಿಲ್ಲೆ, ಈಚೆಗೆ ಉತ್ತರ ಪಾಲಿಕೆ, ನಡುವೆ ಮೆಂಬರಣ್ಣ. ಅವರು ಎರಡಕ್ಕೂ ಅಭಿನಂದನೆ ಸಲ್ಲಿಸಿದರು. "ಯಾವ್ ಕಡೆ ಸೇರ್ಸುದ್ರೂ ನಮ್ ಫ್ಲೆಕ್ಸು ಫಸ್ಟ್ ಇರ್ಬೇಕು ಸಾರ್."

ಫ್ಲೆಕ್ಸ್ ಅಂಗಡಿಯಲ್ಲಿ ಕೂತಾಗ ಅವರನ್ನು ನೋಡಬೇಕು. ನಗರದಲ್ಲಿ ಫ್ಲೆಕ್ಸಿಗೆ ನಿಷೇಧ ಉಂಟು ಎನ್ನುವುದು ಅಂಗಡಿಯ ಹುಡುಗನಿಗೂ ಗೊತ್ತು, ಇವರಿಗೂ ಗೊತ್ತು. ಆ ಮಾತು ಅಲ್ಲಿ ಬರುವುದಿಲ್ಲ. ಮೇಲೆ ಸಾಲಾಗಿ ನಾಯಕರ ದುಂಡು ಮುಖಗಳು, ಕೆಳಗೆ ಸಾಸಿವೆ ಕಾಳಿನಷ್ಟು ಅಭಿಮಾನಿ ಬಳಗ, ಮಧ್ಯೆ ಕೈಮುಗಿದ ಮೆಂಬರಣ್ಣ. ಶಾಸಕರ ಮುಖ ಮಂತ್ರಿಗಳ ಮುಖಕ್ಕಿಂತ ಒಂದು ನೂಲು ದೊಡ್ಡದಾದರೂ ಅವರ ಬೆವರು ಇಳಿಯುತ್ತದೆ. ನಾಯಕರೊಬ್ಬರು ಪಕ್ಷ ಬಿಟ್ಟಾಗ ಆರು ಫ್ಲೆಕ್ಸ್ ಪ್ರಿಂಟಾಗಿ ಬಂದಿದ್ದವು. ಮೆಂಬರಣ್ಣ ಎಸೆಯಲಿಲ್ಲ. ಆ ಮುಖದ ಮೇಲೆ ಗಣಪತಿ ಅಂಟಿಸಿ ಗೌರಿ ಹಬ್ಬಕ್ಕೆ ಕಟ್ಟಿಸಿದರು. ಹಬ್ಬ ಮುಗಿದ ಮೇಲೆ ಆ ಫ್ಲೆಕ್ಸುಗಳೆಲ್ಲ ಕೊಟ್ಟಿಗೆಯ ಮಾಡಿಗೆ ಹೋದವು.

ಹೌದು, ಕೊಟ್ಟಿಗೆಯೂ ಇದೆ, ಹೊಲವೂ ಇದೆ. ಅಪ್ಪನ ಕಾಲದ ನಾಲ್ಕು ಎಕರೆಯಲ್ಲಿ ಉಳಿದಿರುವುದು ಇಪ್ಪತ್ತು ಗುಂಟೆ. ದೇವನಹಳ್ಳಿಗೆ ಏರ್‌ಪೋರ್ಟ್ ಬರುತ್ತದಂತೆ ಎಂಬ ಗಾಳಿಮಾತಿಗೇ ಒಂದು ಎಕರೆ ಹೋಯಿತು. 2008ರಲ್ಲಿ ವಿಮಾನ ಇಳಿದ ಮೇಲೆ ಅದೇ ಜಾಗದ ಬೆಲೆ ಕೇಳಿ ಒಂದು ವಾರ ಯಾರ ಹತ್ತಿರವೂ ಮಾತಾಡಲಿಲ್ಲವಂತೆ. ಉಳಿದದ್ದು ಮಗಳ ಮದುವೆಗೆ, ಚುನಾವಣೆಗೆ, ಕಾರಿಗೆ. ಅದೇ 2008ರ ಕೊನೆಗೆ ಬಿಡಿಎ ಹದಿನೇಳು ಹಳ್ಳಿಗಳ 3,546 ಎಕರೆಗೆ ಶಿವರಾಮ ಕಾರಂತ ಬಡಾವಣೆಯ ನೋಟಿಫಿಕೇಶನ್ ಹೊರಡಿಸಿತು. ಸ್ವಂತ ಹೊಲ ಉಳಬೇಕೆಂದು ಬಯಸಿ ಸತ್ತ ಚೋಮನ ಕತೆ ಬರೆದವರ ಹೆಸರನ್ನು ಹೊಲ ತೆಗೆದುಕೊಳ್ಳುವ ಯೋಜನೆಗೆ ಇಟ್ಟ ಅಧಿಕಾರಿ ಯಾರೋ, ಅವರು ಪುಸ್ತಕ ಓದಿಲ್ಲ, ಇಲ್ಲವೇ ತುಂಬಾ ಚೆನ್ನಾಗಿ ಓದಿದ್ದಾರೆ. ಹತ್ತು ವರ್ಷ ಕೋರ್ಟಿನಲ್ಲಿ ಎಳೆದಾಡಿ 2018ರಲ್ಲಿ ಸುಪ್ರೀಂ ಕೋರ್ಟು ಬಡಾವಣೆ ಮಾಡಿ ಎಂದಿತು. ಮೆಂಬರಣ್ಣನ ಜಮೀನು ಗಡಿಯಿಂದ ಆಚೆ ಉಳಿಯಿತು. ಅದು ಸಂತೋಷವೋ ದುಃಖವೋ ಕೇಳುವವರ ಮೇಲೆ ನಿಂತಿದೆ. ರೈತಸಂಘದವರ ಮುಂದೆ ಹಸಿರು ಟವಲು ಹಾಕಿ "ಪ್ರಾಣ ಹೋದ್ರೂ ಭೂಮಿ ಬಿಡಲ್ಲ" ಅನ್ನುತ್ತಾರೆ. ಬ್ರೋಕರ್ ಬಂದರೆ ಅದೇ ಟವಲಿನಲ್ಲಿ ಕುರ್ಚಿ ಒರೆಸಿ ಕೂರಿಸುತ್ತಾರೆ.

ಆದರೂ ರಾಗಿಯ ವಿಷಯದಲ್ಲಿ ನಾಟಕವಿಲ್ಲ, ಅದನ್ನು ಹೇಳಲೇಬೇಕು. ಪ್ರತಿ ನವೆಂಬರಿನಲ್ಲಿ ಜಿಕೆವಿಕೆ ಕೃಷಿ ಮೇಳಕ್ಕೆ ಹೋಗುವುದು ಫೋಟೊಗೇ ಇರಬಹುದು. ಬಿತ್ತುವುದು ಮಾತ್ರ ಜಿಪಿಯು 28 ತಳಿ, ಅದೂ ಮಳೆ ನೋಡಿ, ಮಣ್ಣನ್ನು ಅಂಗೈಯಲ್ಲಿ ಹಿಂಡಿ ನೋಡಿ. ಮಗ ಐಟಿ ಕಂಪನಿಯಲ್ಲಿದ್ದಾನೆ, "ಅಪ್ಪಾ, ಲೆಕ್ಕ ಹಾಕಿದೀಯಾ?" ಎಂದು ರೇಗುತ್ತಾನೆ. ಲೆಕ್ಕ ಕಷ್ಟವೇನಲ್ಲ: ಕಾಲ ಕೂಡಿಬಂದರೆ ಆರೇಳು ಕ್ವಿಂಟಲ್, 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಎರಡು ಹುಟ್ಟುಹಬ್ಬದ ಫ್ಲೆಕ್ಸು, ಊಟದ ಖರ್ಚಿಗೂ ಸಾಲದು. ಮೆಂಬರಣ್ಣ ಅದನ್ನು ಮಾರುವುದೂ ಇಲ್ಲ. ಮುದ್ದೆಗೆ ಇಟ್ಟುಕೊಂಡು, ಮಿಕ್ಕದ್ದನ್ನು ಐದೈದು ಕೆಜಿ ಚೀಲ ಮಾಡಿ ಯಾವ ಮನೆಯಲ್ಲಿ ಎಷ್ಟು ಓಟು ಎಂದು ನೋಡಿ ಹಂಚುತ್ತಾರೆ.

ಕಣ ಇದ್ದ ಜಾಗದಲ್ಲಿ ಈಗ ವಿಲ್ಲಾಗಳ ಗೇಟು ಎದ್ದಿದೆ. ಹಾಗಾಗಿ ಒಕ್ಕಣೆ ಗೇಟಿನ ಮುಂದಿನ ಟಾರು ರಸ್ತೆಯಲ್ಲೇ. ಡಿಸೆಂಬರಿನ ಒಂದು ಬೆಳಗ್ಗೆ ಮೆದೆ ಬಿಚ್ಚಿ ರಸ್ತೆ ತುಂಬ ತೆನೆ ಹರಡಿದ್ದರು, ಅಂಚಿಗೆ ಹಳೆಯ ಫ್ಲೆಕ್ಸು ಹಾಸಿ. ಹೋಗುವ ಬರುವ ಕಾರುಗಳೇ ರೋಣುಗಲ್ಲು. ವಿಲ್ಲಾ ಸಂಘದ ಕಾರ್ಯದರ್ಶಿ ಕಾರು ನಿಲ್ಲಿಸಿ ಇಳಿದರು.

"ಇದು ಪಬ್ಲಿಕ್ ರೋಡ್ ಕಣ್ರೀ! ನನ್ನ ಹೊಸ ಟೈರಿಗೆಲ್ಲ ಹುಲ್ಲು ಸುತ್ಕೊಂಡಿದೆ. ಕಂಪ್ಲೇಂಟ್ ಕೊಡ್ತೀನಿ."

"ಕೊಡಿ ಸಾರ್, ನಾನೇ ಬರ್ಕೊಡ್ತೀನಿ," ಎಂದರು ಮೆಂಬರಣ್ಣ, ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತಾ. "ಮೊದ್ಲು ಇದು ಕುಡೀರಿ. ನಿಮ್ ಕಡೆ ಟ್ಯಾಂಕರ್ ಸರಿಯಾಗಿ ಬರ್ತಿದೆಯಾ?"

ಕಾರ್ಯದರ್ಶಿಗಳ ಸ್ವರ ಅರ್ಧ ಇಳಿಯಿತು. ವಿಲ್ಲಾಗಳಿಗೆ ನೀರು ಹೋಗುವುದು ಆ ಇಪ್ಪತ್ತು ಗುಂಟೆಯ ಮೂಲೆಯ ಬೋರ್‌ವೆಲ್ಲಿನಿಂದ. 2024ರ ಮಾರ್ಚಿನಲ್ಲಿ ಊರೆಲ್ಲ ಬಾಯಾರಿದಾಗ ಇವರಿಗೆ ರಾತ್ರಿ ಹನ್ನೊಂದಕ್ಕೆ ಲೋಡು ಕಳಿಸಿದ ಪುಣ್ಯಾತ್ಮನ ಮೇಲೆ ಏನೆಂದು ಕೂಗುವುದು?

"ಅಂದ್ಹಾಗೆ ಸಾರ್, ನಿಮ್ ಓಟು ಇಲ್ಲಿಗೆ ಬಂತಾ?"

"ಇಲ್ಲ, ಇನ್ನೂ ದಾವಣಗೆರೇಲೇ ಇದೆ."

ಬಿಳಿ ಜೇಬಿನಿಂದ ಪಹಣಿ ಸರಿಸಿ ಫಾರಂ 8 ಹೊರಗೆ ಬಂತು. ಪೆನ್ನೂ ಬಂತು. ಕಾರ್ಯದರ್ಶಿಗಳು ಬಾನೆಟ್ ಮೇಲೆ ಕಾಗದ ಇಟ್ಟು ವಿಳಾಸ ಬದಲಾವಣೆ ತುಂಬಿ, ಸಹಿ ಮಾಡಿ, ಮನೆಯವರದ್ದಕ್ಕೂ ಇನ್ನೊಂದು ಫಾರಂ ಇಸಕೊಂಡು ಕಾರು ಹತ್ತಿದರು. ಅಷ್ಟರಲ್ಲಿ ಮೆಂಬರಣ್ಣ ಚಕ್ರದ ಹತ್ತಿರ ಕೂತು ಒಂದು ತೆನೆ ಎತ್ತಿ ಅಂಗೈಯಲ್ಲಿ ಉಜ್ಜಿ ಊದಿ ನೋಡಿದರು. ಆಮೇಲೆ ಎದ್ದು ಬಂದು ಕಿಟಕಿ ತಟ್ಟಿದರು.

"ಸಾರ್, ತಪ್ಪು ತಿಳ್ಕೋಬೇಡಿ. ಒಂದೆರಡು ಸಲ ಹಿಂದಕ್ ಮುಂದಕ್ ಮಾಡ್ಬುಟ್ ಹೋಗಿ, ಕಾಳು ಇನ್ನೂ ಸರಿಯಾಗ್ ಉದ್ರಿಲ್ಲ."