ಅಕ್ಕನ ಅಕ್ಕ ನಮಗೇನಾಗಬೇಕು?

(ಚೆನ್ನೈ ಟಿ. ನಗರದ ಒಂದು ಉಡುಪಿ ಹೋಟೆಲು. ಗಲ್ಲಾದಲ್ಲಿ ಭಟ್ರು. ಎದುರಿಗೆ ನಿವೃತ್ತ ರಾಯರು, ಅರ್ಧ ಕಾಫಿ.)

ರಾಯರು: ಭಟ್ರೇ, ಜಪಾನಿನ ತಕಾಯಾಮಾ ನಮಗೆ ನೆಂಟರು ಕಣ್ರೀ.

ಭಟ್ರು: ಯಾವ ಕಡೆಯಿಂದ?

ರಾಯರು: ಅಮೆರಿಕದ ಡೆನ್ವರ್ ಕಡೆಯಿಂದ. 1984ರಲ್ಲಿ ಡೆನ್ವರ್ ನಮ್ಮ ಮದ್ರಾಸನ್ನ ‘ಸಿಸ್ಟರ್ ಸಿಟಿ’ ಅಂತ ತಂಗಿ ಮಾಡಿಕೊಳ್ತು. 1960ರಲ್ಲೇ ತಕಾಯಾಮಾನ ಮಾಡಿಕೊಂಡಿತ್ತು. ಲೆಕ್ಕ ಹಾಕಿ.

ಭಟ್ರು: ಆಸ್ತಿಯಲ್ಲಿ ಪಾಲುಂಟಾ?

ರಾಯರು: ನೂರಕ್ಕೆ ತೊಂಬತ್ತು ಭಾಗ ಗುಡ್ಡ, ಕಾಡು. ಉಳಿದದ್ದರಲ್ಲಿ ಭತ್ತ, ಟೊಮೇಟೊ, ಪಾಲಕ್. ಚಳಿಗಾಲಕ್ಕೆ ರಾಶಿ ಹಿಮ.

ಭಟ್ರು: ಹಾಗಾದ್ರೆ ನೀರಿಗೇನೂ ಬರ ಇಲ್ಲ. 2019ರಲ್ಲಿ ನಾನು ಲಾರಿ ನೀರಿಗೆ ದುಡ್ಡು ಸುರೀವಾಗ ಈ ಅಕ್ಕಂದಿರೆಲ್ಲ ಎಲ್ಲಿದ್ರು? ರೈಲಲ್ಲಿ ನೀರು ಬಂದದ್ದು ಜೋಲಾರ್‌ಪೇಟೆಯಿಂದ. ಆ ಊರಿಗೆ ಯಾರಾದ್ರೂ ಒಂದು ಶಾಲು ಹೊದಿಸಿದ್ರಾ?

ರಾಯರು: ಜೋಲಾರ್‌ಪೇಟೆಗೆ ನಿಯೋಗ ಹೋದ್ರೆ ಫೋಟೊದಲ್ಲಿ ಹಿಮ ಬೀಳಲ್ವಲ್ರೀ!

ಭಟ್ರು: ಓ, ನಿಯೋಗ ಬೇರೆ?

ರಾಯರು: ಕೃಷಿ ಅಧ್ಯಯನ. ನಮ್ಮ ಸಂಘದ ಅಧ್ಯಕ್ಷರು, ಅವರ ಮನೆಯವರು, ಮನೆಯವರ ತಮ್ಮ, ಖಜಾಂಚಿ, ನಾನು.

ಭಟ್ರು: ರೈತರು?

ರಾಯರು: ಅಲ್ಲೇ ಇರ್ತಾರಲ್ರೀ.

ಭಟ್ರು: ಮತ್ತೆ ಊಟಕ್ಕೆ? ಅಲ್ಲಿ ಹಿಡಾ ದನದ ಮಾಂಸವೇ ಹೆಸರುವಾಸಿ ಅಂತೆ.

ರಾಯರು: (ಬೆಚ್ಚಿ) ಅದಕ್ಕೇ ನಿಮ್ಮ ಹತ್ರ ಬಂದದ್ದು. ಐವತ್ತು ಪೊಟ್ಟಣ ಪುಳಿಯೋಗರೆ ಗೊಜ್ಜು ಕೊಟ್ಬಿಡಿ. ಪ್ರಾಯೋಜಕರು ಅಂತ ಬ್ಯಾನರ್‌ನಲ್ಲಿ ನಿಮ್ಮ ಹೆಸರು, ಮೇಲೆ ಫೋಟೊ.

ಭಟ್ರು: ಫೋಟೊ ಬೇಡ ರಾಯರೇ. (ಗಲ್ಲಾದಿಂದ ಚೀಟಿಗಳ ಕಟ್ಟು ತೆಗೆದು) ಯುಗಾದಿಯಿಂದ ಬಾಕಿ ಇರೋ ಕಾಫಿ ಲೆಕ್ಕ ಇದು. ಯಾವ ಅಕ್ಕನ ಹೆಸರಿಗೆ ಬರೀಲಿ?