ನಡುಮನೆಯಲ್ಲಿ ನಾಪತ್ತೆಯಾದ ಬೇಸು

ನಮ್ಮಪ್ಪ ನನಗೆ ಹೆಣ್ಣು ನೋಡಿ ಮುಗಿಸಿದ್ದು ಒಂದೇ ಭಾನುವಾರದಲ್ಲಿ. ನಾನು ಸ್ಪೀಕರ್ ನೋಡಲು ಹೊರಟದ್ದು ಅದು ಏಳನೆಯ ಭಾನುವಾರ. ನೆಲದ ಮೇಲೆ ನಿಲ್ಲುವ, ಎದೆಯೆತ್ತರದ ಜೋಡಿ ಪೆಟ್ಟಿಗೆಗಳು. ಹಿಂದಿನ ಸಾಲಿನವರಿಗೂ ಕೇಳಲಿ ಅಂತ ಮೈಸೂರು ಚೌಡಯ್ಯನವರು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ಕಟ್ಟಿ ಏಳು ಮಾಡಿಕೊಂಡರು. ಅದೇ ಪಿಟೀಲನ್ನು ಎಂಟಡಿ ದೂರದಲ್ಲಿ ಕೂತು ಕೇಳುವುದಕ್ಕೆ ನಾನು ಒಂದು ಕಾರಿನ ದುಡ್ಡು ಎಣಿಸಲು ತಯಾರಾಗಿದ್ದೆ.

ಅಂಗಡಿಯವರು ಕಾಫಿ ಕೊಟ್ಟು ಕೂರಿಸಿದರು. ಇಂಗ್ಲೆಂಡಿನ ಕೆಇಎಫ್‌ನಲ್ಲಿ ದೊಡ್ಡ ಕೋನಿನ ಹೊಕ್ಕುಳಲ್ಲೇ ಟ್ವೀಟರ್ ಕೂತಿತ್ತು. ಅಮೆರಿಕದ ಕ್ಲಿಪ್ಶ್‌ಗೆ ಬಾಯಿ ತೆರೆದ ಕಹಳೆ. ಎರಡರಲ್ಲೂ ಇಳಯರಾಜಾ ಸಂಗೀತದ ‘ಗೀತಾ’ ಚಿತ್ರದ ಹಾಡು ಹಾಕಿಸಿದೆ. ಕ್ಷಣದಲ್ಲೇ ತೀರ್ಪು ಕೊಟ್ಟೆ: “ಕ್ಲಿಪ್ಶೇ! ಎಂಥಾ ಜೀವಂತಿಕೆ!”

ಫಸ್ಟ್ ಪಿಯುಸಿ ಸೈನ್ಸ್ ಓದುವ ಮಗಳು ಮೊಬೈಲಿನ ಡೆಸಿಬೆಲ್ ಮೀಟರ್ ತೋರಿಸಿದಳು. “ಅಪ್ಪಾ, ಅದು ಜೋರಾಗಿ ಕೇಳ್ತಾ ಇದೆ, ಅಷ್ಟೇ.” ಒಂದರ ಸೆನ್ಸಿಟಿವಿಟಿ 86 ಡೆಸಿಬೆಲ್ ಇದ್ದು ಇನ್ನೊಂದರದು 98 ಆದರೆ, ಎರಡನೆಯದು ಒಂದು ವ್ಯಾಟಿನಲ್ಲಿ ಮಾಡುವ ಸದ್ದಿಗೆ ಮೊದಲನೆಯದಕ್ಕೆ ಹದಿನಾರು ವ್ಯಾಟ್ ಬೇಕಂತೆ. ಎರಡನ್ನೂ ಒಂದೇ ಸದ್ದಿಗೆ ತಂದು ಮತ್ತೆ ಹಾಕಿಸಿದಳು. ಈಗ ಕೆಇಎಫ್ ಗೆದ್ದಿತು. ನಮ್ಮ ಮನೆಯಲ್ಲಿ ಇಪ್ಪತ್ತು ವರ್ಷದಿಂದ ಯಾರ ಮಾತು ನಡೆಯುತ್ತಿದೆ, ಏಕೆ ನಡೆಯುತ್ತಿದೆ ಎಂಬುದು ನನಗೆ ಅಲ್ಲೇ ಹೊಳೆಯಿತು. ಹೇಳಲಿಲ್ಲ, ಹೆಂಡತಿ ಪಕ್ಕದಲ್ಲೇ ಕೂತಿದ್ದಳು.

ಒಂದು ವಾರದ ಮಟ್ಟಿಗೆ ಪೆಟ್ಟಿಗೆಗಳು ಮನೆಗೆ ಬಂದವು. ಇಬ್ಬರು ಹುಡುಗರು ಅಕ್ಕಿ ಮೂಟೆ ಹೊತ್ತವರಂತೆ ಮೆಟ್ಟಿಲು ಹತ್ತಿದರು. ಕೆಳಗೆ ಚೂಪು ಮೊಳೆಯಂಥ ಕಾಲು. ಕೆಂಪು ಗಾರೆಯ ನೆಲ ತೂತಾಗಬಾರದೆಂದು ಒಂದೊಂದು ಮೊಳೆಯ ಕೆಳಗೂ ಎರಡು ರೂಪಾಯಿ ನಾಣ್ಯ ಇಟ್ಟೆ. “ರೀ, ಲಕ್ಷ್ಮಿಯ ತಲೆ ಮೇಲೆ ಮೊಳೆ ಹೊಡೀತೀರಾ?” ಎಂದಳು ಹೆಂಡತಿ. ಲಕ್ಷ್ಮಿ ಆಗಲೇ ಹೊರಟು ನಿಂತಿದ್ದಾಳೆ, ಮೊಳೆಯಿಂದಾದರೂ ನಿಲ್ಲಲಿ ಎಂದುಕೊಂಡೆ.

ಗೋಡೆಯಿಂದ ಎರಡಡಿ ಮುಂದೆ ಇಡಬೇಕಂತೆ. ಇಟ್ಟೆವು. ಟೀಪಾಯಿ ಅಡುಗೆಮನೆಗೆ ಹೋಯಿತು, ಸೈಕಲ್ಲು ಮಹಡಿಗೆ ಹೋಯಿತು. ಸೋಫಾ ಹನ್ನೆರಡಡಿ ಉದ್ದದ ನಡುಮನೆಯ ಸರಿಯಾಗಿ ಮಧ್ಯಕ್ಕೆ ಬಂತು. ಕಣ್ಣು ಮುಚ್ಚಿ ಕೂತೆ. ಕೊಳಲಿದೆ, ಪಿಟೀಲಿದೆ, ಬೇಸ್ ಗಿಟಾರ್ ಮಾತ್ರ ಅರ್ಧಂಬರ್ಧ. ಇಳಿಯುತ್ತಾ ಇಳಿಯುತ್ತಾ ಎಲ್ಲೋ ಒಂದು ಸ್ವರದಲ್ಲಿ ಮೆಟ್ಟಿಲೇ ಇರಲಿಲ್ಲ. ಕಾರಿನ ದುಡ್ಡಿಗೆ ಮೂರು ಚಕ್ರ!

ಮಗಳು ಟೇಪು ಹಿಡಿದು ಕೋಣೆ ಅಳೆದಳು. ಹನ್ನೆರಡಡಿಗೆ 47 ಹರ್ಟ್ಸ್‌ನ ಆಸುಪಾಸಿನಲ್ಲಿ ಸ್ಟ್ಯಾಂಡಿಂಗ್ ವೇವ್ ನಿಲ್ಲುತ್ತದಂತೆ. ಎರಡು ಗೋಡೆಯ ನಡುವೆ ಅಲೆ ಹೋಗಿ ಬಂದು, ಗೋಡೆಯ ಬಳಿ ಉಬ್ಬುತ್ತದೆ, ನಟ್ಟನಡುವೆ ಸೊನ್ನೆಯಾಗುತ್ತದೆ. “ನೀವು ಕೂತಿರೋದೇ ಸೊನ್ನೆ ಮೇಲೆ ಅಪ್ಪಾ.” ಹಾಗಾದರೆ ಬೇಸೆಲ್ಲ ಎಲ್ಲಿ ಹೋಯಿತು? ಗೋಡೆಗಳು ಕೂಡುವ ಮೂಲೆಯಲ್ಲಿ ಗುಡ್ಡೆ ಬಿದ್ದಿದೆ.

ಮೂಲೆ ಅಮ್ಮನದು. ಬೆತ್ತದ ಕುರ್ಚಿ, ಹುರುಳಿಕಾಯಿಯ ಮೊರ, ಜಪಸರ. ಕ್ಲಿಪ್ಶ್ ಕಂಪನಿಯ ಸಂಸ್ಥಾಪಕ ಪಾಲ್ ಕ್ಲಿಪ್ಶ್ ಮೂಲೆಗೇ ಒತ್ತಿ ಇಡಬೇಕಾದ ಸ್ಪೀಕರ್ ಕಟ್ಟಿದವನು. ಅದು ಗೋಡೆಗಳನ್ನೇ ತನ್ನ ಕಹಳೆಯ ಮುಂದುವರಿಕೆ ಮಾಡಿಕೊಳ್ಳುತ್ತದೆ. ಅವನು ನಮ್ಮಮ್ಮನನ್ನು ಎಬ್ಬಿಸಬೇಕಾಗಿರಲಿಲ್ಲ, ಹಾಗಾಗಿ ಕಟ್ಟಿದ.

ನಾನು ಮೆಲ್ಲಗೆ ಕೇಳಿದೆ: “ಅಮ್ಮಾ, ಸ್ವಲ್ಪ ಸೋಫಾದ ಮೇಲೆ ಕೂತ್ಕೋತೀಯಾ?”

ಅಮ್ಮ ಹುರುಳಿಕಾಯಿಯ ನಾರು ಬಿಡಿಸುತ್ತಲೇ ಕುರ್ಚಿಗೆ ಇನ್ನಷ್ಟು ಒರಗಿದಳು. “ಹೋಗೋ. ಈಗ ತಾನೇ ಬೆನ್ನಿಗೆ ಹಿತವಾಗಿ ಗುದ್ದುತಾ ಇದೆ. ಇನ್ನೊಂದು ಸಲ ಹಾಕು.”